ಮೂರನೇ ನಂಬರ್ ಸಿಗ್ನಲ್

ಅಡಿಕೆ ಒಣಗಿಸುವ ಮನೆಯಲ್ಲಿ ಹವಾಮಾನ ವರದಿಗೆ ಮರ್ಯಾದೆ ಇರಲಿಲ್ಲ. ಚಾಲಿ ಅಡಿಕೆಗೆ ನಲವತ್ತು ಬಿಸಿಲು ಬೇಕು. ನಡುವೆ ಒಂದು ಅಕಾಲದ ಮಳೆ ಹೊಡೆದರೂ ಸಾಕು, ಬೂಷ್ಟು ಹಿಡಿದು ದರ ಬಿದ್ದುಹೋಗುತ್ತದೆ. ನಾಳೆಯ ಆಕಾಶ ಯಾರಿಗಾದರೂ ಬೇಕಿದ್ದರೆ ನಮಗೇ ಬೇಕಿತ್ತು. ಆದರೂ ಎಪ್ಪತ್ತರ ದಶಕದಲ್ಲಿ, ಸಂಜೆಯ ಪ್ರದೇಶ ಸಮಾಚಾರದ ತುದಿಗೆ ‘ಕರಾವಳಿಯ ಬಹುತೇಕ ಕಡೆ, ಉತ್ತರ ಒಳನಾಡಿನ ಕೆಲವು ಕಡೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ’ ಎಂಬ ಪಾಠ ಶುರುವಾಯಿತೆಂದರೆ ಅಪ್ಪಯ್ಯ ಎದ್ದು ಕೈಕಾಲು ತೊಳೆಯಲು ಹೋಗುತ್ತಿದ್ದರು. ರೇಡಿಯೋದವರು ಮಳೆ ಅಂದರೆ ಅಂಗಳಕ್ಕೆ ಹರವಿ, ಬಿಸಿಲು ಅಂದರೆ ಒಳಗೆ ತುಂಬಿ ಎಂಬುದು ಊರಿಗೆಲ್ಲ ಗೊತ್ತಿದ್ದ ಜೋಕು. ‘ಒಂದೆರಡು ಕಡೆ’ ಅಂದರೆ ಎಲ್ಲಾದರೂ ಬಿದ್ದೇ ಬೀಳುತ್ತದಲ್ಲ, ಅಷ್ಟು ಹೇಳಲಿಕ್ಕೆ ಸರಕಾರಿ ಸಂಬಳ ಯಾಕೆ ಎಂದು ನೆರೆಮನೆಯವರು ಕೇಳುತ್ತಿದ್ದರು.

ರಜೆಯಲ್ಲಿ ಮಂಗಳೂರಿಗೆ ಸೋದರಮಾವನ ಮನೆಗೆ ಹೋದರೆ ಬೇರೆಯೇ ಲೋಕ. ಮಾವ ಬಂದರಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿ ಹವಾಮಾನ ಬಾಯಿಮಾತಾಗಿರಲಿಲ್ಲ, ಕಣ್ಣಿಗೆ ಕಾಣುವಂತೆ ಕಂಬಕ್ಕೆ ಕಟ್ಟಿರುತ್ತಿತ್ತು. ಹಗಲಾದರೆ ಕರಿ ಬಣ್ಣದ ಶಂಕುಗಳು, ಡ್ರಮ್ಮುಗಳು. ರಾತ್ರಿಯಾದರೆ ಕೆಂಪು, ಬಿಳಿ ದೀಪಗಳು. ‘ಮೂರನೇ ನಂಬರ್ ಹಾಕಿದ್ದಾರೆ’ ಎಂಬ ಸುದ್ದಿ ದಕ್ಕೆಗೆ ಬಂದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ. ಒಂದು, ಎರಡು ಅಂದರೆ ತೂಫಾನು ದೂರದ ಕಡಲಲ್ಲಿದೆ. ಮೂರು, ನಾಲ್ಕು ಅಂದರೆ ಬಂದರಿಗೇ ಕಷ್ಟ ಬರಬಹುದು. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. ಹನ್ನೊಂದು ಎಂದರೆ ಹವಾಮಾನ ಕೇಂದ್ರದ ಜತೆ ಸಂಪರ್ಕವೇ ಕಡಿದುಹೋಗಿದೆ, ನಿಮ್ಮ ಜೀವ ನೀವೇ ನೋಡಿಕೊಳ್ಳಿ ಎಂದು. ಸರಕಾರವೊಂದು ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾವನಿಗೆ ಮಾತ್ರ ಆ ಕಂಬವೆಂದರೆ ಆಗುತ್ತಿರಲಿಲ್ಲ. ಸಿಗ್ನಲ್ ಏರಿದ ದಿನ ಬೋಟು ಹೊರಡುವುದಿಲ್ಲ, ಬೋಟು ಹೊರಡದಿದ್ದರೆ ಐಸಿಗೆ ಗಿರಾಕಿಯಿಲ್ಲ.

ರೇಡಿಯೋದ ಆ ಪಾಠ, ಬಂದರಿನ ಈ ಕಂಬ, ಎರಡಕ್ಕೂ ಮೂಲ ಒಬ್ಬನೇ ಮನುಷ್ಯ ಎಂದು ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಶಾಲೆಯ ಪುಸ್ತಕದಲ್ಲಿ ಡಾರ್ವಿನ್ ಇದ್ದ, ‘ಬೀಗಲ್’ ಎಂಬ ಹಡಗೂ ಇತ್ತು. ಹಡಗನ್ನು ನಡೆಸಿದವನ ಹೆಸರು ಇರಲಿಲ್ಲ. ಅವನು ರಾಬರ್ಟ್ ಫಿಟ್ಜ್‌ರಾಯ್, ಬ್ರಿಟಿಷ್ ನೌಕಾಪಡೆಯ ಅಧಿಕಾರಿ.

1805ರ ಜುಲೈ 5ರಂದು ಇಂಗ್ಲೆಂಡಿನ ಸಫಕ್ ಪ್ರಾಂತದಲ್ಲಿ ಹುಟ್ಟಿದ. ವಂಶ ದೊಡ್ಡದು. ಎರಡನೇ ಚಾರ್ಲ್ಸ್ ದೊರೆಗೆ ಪಟ್ಟದ ರಾಣಿಯಲ್ಲದವಳಲ್ಲಿ ಹುಟ್ಟಿದ ಮಗನ ಸಂತತಿ. ಅಜ್ಜ ಗ್ರಾಫ್ಟನ್ನಿನ ಮೂರನೇ ಡ್ಯೂಕ್, ಬ್ರಿಟನ್ನಿನ ಪ್ರಧಾನಿಯಾಗಿದ್ದವನು. ತಾಯಿಯ ಮಲಸಹೋದರ ಕ್ಯಾಸಲ್‌ರೇ, ನೆಪೋಲಿಯನ್ ಕಾಲದ ವಿದೇಶಾಂಗ ಮಂತ್ರಿ. ಹುಡುಗ 12ರ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು ಸೇರಿದ, 1824ರಲ್ಲಿ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ. ಮಾವ ಕ್ಯಾಸಲ್‌ರೇ 1822ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಆ ಕೇಡು ತನ್ನ ರಕ್ತದಲ್ಲೂ ಇದೆಯೇನೋ ಎಂಬ ಅಂಜಿಕೆ ಫಿಟ್ಜ್‌ರಾಯ್‌ನನ್ನು ಕೊನೆಯವರೆಗೆ ಬಿಡಲಿಲ್ಲ.

ಮೊದಲ ಹಡಗು ಸಿಕ್ಕಿದ್ದೂ ಒಂದು ಆತ್ಮಹತ್ಯೆಯಿಂದಲೇ. ದಕ್ಷಿಣ ಅಮೆರಿಕದ ತುದಿಯಲ್ಲಿ ಕರಾವಳಿ ಅಳೆಯುತ್ತಿದ್ದ ಬೀಗಲ್‌ನ ಕ್ಯಾಪ್ಟನ್ ಪ್ರಿಂಗಲ್ ಸ್ಟೋಕ್ಸ್ 1828ರಲ್ಲಿ, ಆ ಚಳಿ, ಆ ಕತ್ತಲು, ಆ ಒಂಟಿತನ ತಾಳದೆ ತನಗೆ ತಾನೇ ಗುಂಡು ಹಾರಿಸಿಕೊಂಡ. ಅವನ ಜಾಗಕ್ಕೆ ಬಂದ ಫಿಟ್ಜ್‌ರಾಯ್‌ಗೆ ಆಗ 23 ವರ್ಷ.

ತಿಂಗಳುಗಳು ಕಳೆಯುವುದರೊಳಗೆ, 1829ರ ಜನವರಿಯಲ್ಲಿ, ಪ್ಲಾಟಾ ನದೀಮುಖದ ಮಾಲ್ಡೊನಾಡೊ ಹತ್ತಿರ ಒಂದು ಘಟನೆ ನಡೆಯಿತು. ನನ್ನ ಮಟ್ಟಿಗೆ ಅವನ ಇಡೀ ಬದುಕಿನ ಬೀಗದಕೈ ಅದು. ಬಾರೋಮೀಟರ್ ಇಳಿಯುತ್ತಲೇ ಇತ್ತು, ಹೊಸ ಕಮಾಂಡರ್ ಅದನ್ನು ಕಂಡೂ ಇದ್ದ. ಆದರೂ ಹಾಯಿ ಮಡಿಸುವುದು ತಡವಾಯಿತು. ಪ್ಯಾಂಪೆರೊ ಎಂದು ಕರೆಯುವ ಅಲ್ಲಿನ ಬಿರುಗಾಳಿ ಬಂದು ಹಡಗನ್ನು ಮಗ್ಗುಲಿಗೆ ಮಲಗಿಸಿತು. ಮೇಲಿನ ಕಂಬಗಳು ಮುರಿದವು, ಇಬ್ಬರು ನಾವಿಕರು ಕಡಲ ಪಾಲಾದರು. ಉಪಕರಣ ಹೇಳುತ್ತಿತ್ತು, ತಾನು ಕೇಳಲಿಲ್ಲ ಎಂಬ ಲೆಕ್ಕ ಅವನೊಳಗೆ ಹಾಗೇ ಉಳಿಯಿತು. ಮುಂದೆ ಮೂವತ್ತು ವರ್ಷ ಬಿಟ್ಟು ಅವನು ಬ್ರಿಟನ್ನಿನ ಮೀನುಗಾರ ಹಳ್ಳಿಗಳಿಗೆ ಬಾರೋಮೀಟರ್ ಹಂಚಿಸಿದ್ದನ್ನು ಓದುವಾಗ ಆ ಇಬ್ಬರೇ ನೆನಪಾಗುತ್ತಾರೆ.

ಅಷ್ಟಕ್ಕೇ ಅವನನ್ನು ಸಾಧು ಎಂದುಕೊಳ್ಳಬೇಕಾಗಿಲ್ಲ. ತಿಯೆರಾ ದೆಲ್ ಫ್ಯೂಯೆಗೊದಲ್ಲಿ ಅಲ್ಲಿನ ಜನ ತನ್ನ ದೋಣಿಯೊಂದನ್ನು ಕದ್ದರೆಂದು ಅವರಲ್ಲಿ ಕೆಲವರನ್ನು ಒತ್ತೆ ಹಿಡಿದ. ದೋಣಿ ಸಿಗಲಿಲ್ಲ. ನಾಲ್ಕು ಮಂದಿಯನ್ನು ಇಂಗ್ಲೆಂಡಿಗೇ ಸಾಗಿಸಿದ. ಅವರಲ್ಲಿ ಒಬ್ಬಳು ಹತ್ತರ ಆಸುಪಾಸಿನ ಹುಡುಗಿ. ಒಬ್ಬ ಹುಡುಗನನ್ನು ಒಂದು ಮುತ್ತಿನ ಚಿಪ್ಪಿನ ಗುಂಡಿ ಕೊಟ್ಟು ಪಡೆದದ್ದರಿಂದ ಅವನ ಹೆಸರೇ ಜೆಮ್ಮಿ ಬಟನ್ ಎಂದಾಯಿತು. ಒಬ್ಬ ಪ್ಲಿಮತ್‌ನ ಆಸ್ಪತ್ರೆಯಲ್ಲಿ ಸಿಡುಬಿನಿಂದ ಸತ್ತ. ಉಳಿದ ಮೂವರಿಗೆ ಇಂಗ್ಲಿಷು, ಬೈಬಲ್ಲು, ಚಮಚದ ಊಟ ಕಲಿಸಿ, ದೊರೆ-ರಾಣಿಯರ ದರ್ಶನ ಮಾಡಿಸಿ, ವಾಪಸು ಅವರ ನಾಡಿನಲ್ಲಿ ಬಿಟ್ಟ. ಮರುವರ್ಷ ಹೋಗಿ ನೋಡಿದರೆ ಜೆಮ್ಮಿ ಅಂಗಿ ಕಳಚಿ ತನ್ನವರ ಹಾಗೆಯೇ ಇದ್ದ. ಇಂಗ್ಲೆಂಡಿಗೆ ಬರುತ್ತೀಯಾ ಎಂದರೆ ಒಲ್ಲೆ ಎಂದ. ಇದನ್ನೆಲ್ಲ ಫಿಟ್ಜ್‌ರಾಯ್ ತನ್ನ ಸ್ವಂತ ಖರ್ಚಿನಲ್ಲಿ, ಪರೋಪಕಾರ ಎಂದೇ ನಂಬಿ ಮಾಡಿದ. ನಮ್ಮನ್ನು ಆಳಿದವರಲ್ಲೂ ಇಂಥ ಪರೋಪಕಾರಿಗಳಿಗೆ ಬರವಿರಲಿಲ್ಲ.

ಬೀಗಲ್‌ನ ಎರಡನೇ ಪಯಣ 1831ರ ಡಿಸೆಂಬರ್ 27ರಂದು ಪ್ಲಿಮತ್‌ನಿಂದ ಹೊರಟು 1836ರ ಅಕ್ಟೋಬರ್ 2ರಂದು ಫಾಲ್ಮತ್‌ನಲ್ಲಿ ಮುಗಿಯಿತು. ಸ್ಟೋಕ್ಸ್‌ನ ಗತಿ ತನಗೂ ಬಾರದಿರಲೆಂದು ಮಾತಿಗೆ ಒಬ್ಬ ಸಮಾನ ದರ್ಜೆಯ ಜತೆಗಾರ ಬೇಕೆಂದು ಹುಡುಕಿದಾಗ ಸಿಕ್ಕವನು 22ರ ಹರೆಯದ ಡಾರ್ವಿನ್. ಅವನ ಮೂಗಿನ ಆಕಾರ ನೋಡಿ, ಇಂಥ ಮೂಗಿನವನಿಗೆ ಗಟ್ಟಿತನ ಇರಲಾರದು ಎಂದು ಕ್ಯಾಪ್ಟನ್ ಮೊದಲು ಹಿಂಜರಿದಿದ್ದ. ಕೊನೆಗೆ ಒಂದೇ ಮೇಜಿನಲ್ಲಿ ಐದು ವರ್ಷ ಊಟ ಮಾಡಿದರು. ಭೂಮಿಯ ಪದರಗಳ ಕುರಿತ ಲಯಲ್‌ನ ಪುಸ್ತಕದ ಮೊದಲ ಸಂಪುಟವನ್ನು ಡಾರ್ವಿನ್‌ನ ಕೈಗೆ ಕೊಟ್ಟವನು ಇದೇ ಫಿಟ್ಜ್‌ರಾಯ್. ಆ ಪುಸ್ತಕ ಹುಡುಗನನ್ನು ಎಲ್ಲಿಗೆ ಒಯ್ಯುತ್ತದೆಂದು ಗೊತ್ತಿದ್ದರೆ ಕೊಡುತ್ತಿದ್ದನೇ?

ಬ್ರೆಜಿಲ್‌ನಲ್ಲಿ ನಡೆದ ಜಗಳ ಪ್ರಸಿದ್ಧವಾದದ್ದು. ದೊಡ್ಡ ಜಮೀನ್ದಾರನೊಬ್ಬ ತನ್ನ ಗುಲಾಮರನ್ನೆಲ್ಲ ಕರೆಸಿ, ಬಿಡುಗಡೆ ಬೇಕೇ ಎಂದು ಕೇಳಿದನಂತೆ, ಎಲ್ಲರೂ ಬೇಡ ಎಂದರಂತೆ. ಫಿಟ್ಜ್‌ರಾಯ್ ಇದನ್ನು ಗುಲಾಮಗಿರಿಯ ಸಮರ್ಥನೆಗೆ ಹೇಳಿದ. ಧಣಿಯ ಎದುರು ನಿಂತು ಕೊಟ್ಟ ಉತ್ತರಕ್ಕೆ ಬೆಲೆ ಇದೆಯೇ ಎಂದು ಡಾರ್ವಿನ್ ಕೇಳಿದ. ನನ್ನ ಮಾತು ನಂಬದವನು ನನ್ನ ಮೇಜಿನಲ್ಲಿ ಕೂರಬೇಕಾಗಿಲ್ಲ ಎಂದು ಕ್ಯಾಪ್ಟನ್ ಸಿಡಿದ. ಕೆಲವೇ ಗಂಟೆಗಳಲ್ಲಿ ಕ್ಷಮೆಯನ್ನೂ ಕೇಳಿ ಕಳಿಸಿದ. ಸ್ವಭಾವವೇ ಹಾಗೆ. ಇವತ್ತು ಬೆಳಿಗ್ಗೆ ಬಿಸಿ ಕಾಫಿ ಎಷ್ಟು ಬಡಿಸಿದರು ಎಂದು ಕಿರಿಯ ಅಧಿಕಾರಿಗಳು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು. ಕ್ಯಾಪ್ಟನ್‌ನ ಸಿಟ್ಟಿಗೆ ಅವರು ಇಟ್ಟ ಗುಪ್ತನಾಮ ಅದು.

ಕೆಲಸದಲ್ಲಿ ಮಾತ್ರ ಕೂದಲೆಳೆ ತಪ್ಪುವವನಲ್ಲ. ಹಡಗಿನಲ್ಲಿ 22 ಕ್ರೊನೊಮೀಟರುಗಳಿದ್ದವು, ಕೆಲವು ಅವನ ಸ್ವಂತದ್ದು. ಅವುಗಳ ಸಮಯ ತಾಳೆ ನೋಡುತ್ತ ಭೂಮಿಯ ಸುತ್ತ ರೇಖಾಂಶಗಳ ಸರಪಣಿಯನ್ನೇ ಹೆಣೆದ. ಗಾಳಿಯ ವೇಗಕ್ಕೆ ಅಂಕಿ ಕೊಡುವ ಬೋಫರ್ಟ್ ಮಾಪನವನ್ನು ಅಧಿಕೃತವಾಗಿ ಮೊದಲು ಬಳಸಿದ್ದೂ ಇದೇ ಪಯಣದಲ್ಲಿ. ಒಂದು ಹಡಗಿನಿಂದ ಕೆಲಸ ಮುಗಿಯದೆಂದು ಸ್ವಂತ ಹಣದಿಂದ ಇನ್ನೊಂದನ್ನು ಕೊಂಡ. ನೌಕಾ ಇಲಾಖೆ ಆ ಖರ್ಚನ್ನು ಒಪ್ಪಲಿಲ್ಲ, ಮಾರಬೇಕಾಯಿತು. 1834ರಲ್ಲಿ ಚಿಲಿಯಲ್ಲಿ ಮನಸ್ಸು ಕುಸಿದು, ಅಧಿಕಾರ ಬಿಟ್ಟುಕೊಡಲು ಹೊರಟಿದ್ದವನನ್ನು ಕೈಕೆಳಗಿನವರು ಸಮಾಧಾನ ಹೇಳಿ ಉಳಿಸಿಕೊಂಡರು.

ಊರಿಗೆ ಮರಳಿದ ಮೇಲೆ ಚಿನ್ನದ ಪದಕ, ಮದುವೆ, ಪಾರ್ಲಿಮೆಂಟು ಸದಸ್ಯತ್ವ ಎಲ್ಲ ಆಯಿತು. 1843ರಲ್ಲಿ ನ್ಯೂಜಿಲೆಂಡಿನ ಗವರ್ನರ್. ಅಲ್ಲಿ ವೈರೌ ಎಂಬಲ್ಲಿ ವಲಸಿಗರಿಗೂ ಮಾವೊರಿಗಳಿಗೂ ನೆಲದ ಜಗಳವಾಗಿ ರಕ್ತ ಹರಿದಿತ್ತು. ತಪ್ಪು ವಲಸಿಗರದೇ ಎಂದು ತೀರ್ಪು ಕೊಟ್ಟ ಗವರ್ನರ್‌ನನ್ನು ಬಿಳಿಯರು ಸಹಿಸಲಿಲ್ಲ. ಬೊಕ್ಕಸವೂ ಬರಿದಾಗಿತ್ತು. 1845ರಲ್ಲಿ ವಾಪಸು ಕರೆಸಿಕೊಂಡರು. ಗುಲಾಮಗಿರಿಯ ಪರ ವಾದಿಸಿದವನೇ ಇಲ್ಲಿ ಈ ನ್ಯಾಯ ಹೇಳಿದ. ಮನುಷ್ಯರು ನಮ್ಮ ಅನುಕೂಲಕ್ಕೆ ತಕ್ಕಂತೆ ಒಂದೇ ಬಣ್ಣದವರಾಗಿರುವುದಿಲ್ಲ.

ಅವನು ಹವಾಮಾನಕ್ಕೆ ಬಂದದ್ದು 1854ರಲ್ಲಿ, ಹಡಗಿನ ಬದುಕು ಮುಗಿದ ಮೇಲೆ. ವ್ಯಾಪಾರ ಮಂಡಳಿಯ ಅಡಿಯಲ್ಲಿ ಒಂದು ಸಣ್ಣ ಕಚೇರಿ, ಮೂವರು ಸಹಾಯಕರು. ಹಡಗುಗಳ ದಿನಚರಿಯಿಂದ ಗಾಳಿಯ ಅಂಕಿಅಂಶ ಒಟ್ಟು ಮಾಡುವುದಷ್ಟೇ ಕೆಲಸ, ಮುನ್ಸೂಚನೆಯ ಮಾತೇ ಇರಲಿಲ್ಲ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಸದಸ್ಯರೊಬ್ಬರು, ಲಂಡನ್ನಿನ ಹವೆಯನ್ನು 24 ಗಂಟೆ ಮೊದಲೇ ತಿಳಿಯುವ ಕಾಲ ಬರಬಹುದು ಎಂದಾಗ ಸದನ ಗೊಳ್ಳೆಂದು ನಕ್ಕಿತ್ತು.

ನಗು ನಿಂತದ್ದು 1859ರ ಅಕ್ಟೋಬರ್ 25-26ರ ರಾತ್ರಿ. ಆಸ್ಟ್ರೇಲಿಯದ ಗಣಿಗಳಿಂದ ಚಿನ್ನ ಹೊತ್ತು ಮರಳುತ್ತಿದ್ದ ‘ರಾಯಲ್ ಚಾರ್ಟರ್’ ಹಡಗು, ಲಿವರ್‌ಪೂಲ್ ಇನ್ನೇನು ಬಂತು ಎನ್ನುವಾಗ, ವೇಲ್ಸ್‌ನ ಆಂಗಲ್ಸಿ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ಒಡೆಯಿತು. ಸತ್ತವರು ಸುಮಾರು 450 ಮಂದಿ. ಅದೇ ಬಿರುಗಾಳಿಗೆ ಕರಾವಳಿಯುದ್ದಕ್ಕೂ ನೂರಕ್ಕೂ ಹೆಚ್ಚು ಹಡಗುಗಳು ಮುಳುಗಿದವು. ಫಿಟ್ಜ್‌ರಾಯ್ ಆ ದಿನಗಳ ವರದಿಗಳನ್ನೆಲ್ಲ ತರಿಸಿ ನಕ್ಷೆಯ ಮೇಲೆ ಇಟ್ಟು ನೋಡಿದ. ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿದ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಗಾಳಿಗಿಂತ ತಂತಿ ಬೇಗ ಓಡುತ್ತದೆ, ಹಾಗಾದರೆ ಮುಂದಿನ ಊರಿಗೆ ಮೊದಲೇ ಹೇಳಬಹುದಲ್ಲ! ಹದಿನೈದು ಕರಾವಳಿ ಕೇಂದ್ರಗಳಿಂದ ಪ್ರತಿದಿನ ಬೆಳಿಗ್ಗೆ ತಂತಿ ಬರುವಂತೆ ಮಾಡಿದ. 1861ರ ಫೆಬ್ರವರಿ 6ರಂದು ಮೊದಲ ಬಿರುಗಾಳಿ ಎಚ್ಚರಿಕೆ ಹೊರಟಿತು. ತಂತಿ ಮುಟ್ಟಿದ ಬಂದರಿನಲ್ಲಿ ಕಂಬಕ್ಕೆ ಕರಿ ಶಂಕು ಏರಬೇಕು. ತುದಿ ಮೇಲಾಗಿದ್ದರೆ ಉತ್ತರದ ಗಾಳಿ, ಕೆಳಗಾಗಿದ್ದರೆ ದಕ್ಷಿಣದ್ದು. ದಿಕ್ಕು ಬದಲಿಸುತ್ತ ಬರುವ ಬಿರುಗಾಳಿಗೆ ಡ್ರಮ್ಮು. ಓದು ಬಾರದವನಿಗೂ, ದೂರದ ದೋಣಿಯಲ್ಲಿದ್ದವನಿಗೂ ತಿಳಿಯಬೇಕು ಎಂಬುದು ಉದ್ದೇಶ. ನಾನು ಮಂಗಳೂರಿನಲ್ಲಿ ಕಂಡದ್ದು ಇದರದೇ ಮರಿಮಕ್ಕಳನ್ನು.

ಇಷ್ಟಕ್ಕೇ ನಿಂತಿದ್ದರೆ ಹೆಸರು ಉಳಿಸಿಕೊಳ್ಳುತ್ತಿದ್ದನೋ ಏನೋ. ತಂತಿಗಳು ಹೇಗೂ ಬರುತ್ತಿವೆ, ಮಾಮೂಲಿ ದಿನಗಳ ಹವೆಯನ್ನೂ ಹೇಳಿಬಿಡೋಣ ಎಂದು ಹೊರಟ. 1861ರ ಆಗಸ್ಟ್ 1ರಂದು ‘ದ ಟೈಮ್ಸ್’ ಪತ್ರಿಕೆಯಲ್ಲಿ ಉತ್ತರಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ ಗಾಳಿ ಹೇಗೆ ಎಂದು ಮೂರು ಪುಟ್ಟ ಸಾಲು ಅಚ್ಚಾಯಿತು. ಲೋಕದ ಮೊದಲ ಸಾರ್ವಜನಿಕ ದೈನಂದಿನ ಹವಾಮಾನ ಮುನ್ಸೂಚನೆ ಅದು. ನಮ್ಮ ‘ಬಹುತೇಕ ಕಡೆ, ಕೆಲವು ಕಡೆ’ಯ ಅಜ್ಜ. ಇದು ಭವಿಷ್ಯವಾಣಿಯಲ್ಲ, ಅಭಿಪ್ರಾಯ ಮಾತ್ರ ಎಂದು ಅವನು ಮತ್ತೆ ಮತ್ತೆ ಹೇಳಿದ. ಕೇಳುವವರಾರು? ತಪ್ಪಿದ ದಿನ ನಗೆಪಾಟಲು, ಸರಿಯಾದ ದಿನ ಮೌನ. ತಪ್ಪುಗಳಿಗೆ ತಾನು ಹೊಣೆಯಲ್ಲ ಎಂದು ಪ್ರಕಟಿಸುತ್ತಿದ್ದ ಪತ್ರಿಕೆಯೇ ಬರೆದುಕೊಂಡಿತು. ವಿಜ್ಞಾನಿಗಳಿಗೆ ಇನ್ನೊಂದು ತಕರಾರು: ಸಿದ್ಧಾಂತವೇ ಇಲ್ಲದೆ ಇವನು ಹೇಳುವುದಾದರೂ ಹೇಗೆ? ಎಚ್ಚರಿಕೆಯ ಶಂಕು ಏರಿದ ದಿನ ದೋಣಿಗಳು ದಡ ಬಿಡದೆ ನಷ್ಟವಾಗುತ್ತದೆ ಎಂಬ ಗೊಣಗಾಟ ಮೀನುಗಾರಿಕೆಯ ಧಣಿಗಳದು. ಈ ಕೊನೆಯ ಆಕ್ಷೇಪ ಓದಿದಾಗ ನನಗೆ ನಮ್ಮ ಮಾವನ ದನಿಯೇ ಕೇಳಿಸಿತು.

ನಡುವೆ 1860ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡಾರ್ವಿನ್ ವಾದದ ಮೇಲೆ ನಡೆದ ಪ್ರಸಿದ್ಧ ಜಟಾಪಟಿಯಲ್ಲೂ ಇವನು ಕಾಣಿಸಿಕೊಂಡ. ಬಂದದ್ದು ಬಿರುಗಾಳಿಯ ಮೇಲೆ ಪ್ರಬಂಧ ಓದಲು. ಆದರೆ ಜನ ನೆನಪಿಟ್ಟುಕೊಂಡದ್ದು ಸಭೆಯಲ್ಲಿ ಎದ್ದು ನಿಂತು ಬೈಬಲ್ ಎತ್ತಿ ಹಿಡಿದ ಮುದುಕನನ್ನು. ತಾನು ಕರೆದೊಯ್ದ ಹುಡುಗನೇ ತನ್ನ ದೇವರನ್ನು ಕದಲಿಸಿದ ಎಂಬ ಸಂಕಟ ಅವನಿಗೆ ನಿಜವಾಗಿಯೂ ಇತ್ತು. ಸಾವಿಗೆ ಅದೇ ಕಾರಣ ಎಂದು ಬರೆಯುವವರಿದ್ದಾರೆ. ಕತೆಗೆ ಅದು ಒಪ್ಪುತ್ತದೆ, ಬದುಕಿಗೆ ಒಪ್ಪುವುದಿಲ್ಲ. ಕಿವಿ ಮಂದವಾಗಿತ್ತು, ಅಪ್ಪನಿಂದ ಬಂದ ಆಸ್ತಿಯೆಲ್ಲ ಸರಕಾರಿ ಕೆಲಸಕ್ಕೇ ಕರಗಿತ್ತು, ಖಿನ್ನತೆ ಹಳೆಯದು, ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಪರೀಕ್ಷೆ ಬೇರೆ. 1865ರ ಏಪ್ರಿಲ್ 30ರ ಭಾನುವಾರ, ಲಂಡನ್ನಿನ ಅಪ್ಪರ್ ನಾರ್‌ವುಡ್‌ನ ಮನೆಯಲ್ಲಿ, ವೈಸ್ ಅಡ್ಮಿರಲ್ ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡ. 59 ವರ್ಷ. ಕುಟುಂಬಕ್ಕೆ ಹಣವಿರಲಿಲ್ಲ. ಗೆಳೆಯರು ಸೇರಿಸಿದ ನಿಧಿಗೆ ಡಾರ್ವಿನ್ 100 ಪೌಂಡು ಕೊಟ್ಟ.

ಸತ್ತ ಮೇಲೆ ಲೆಕ್ಕ ಪರಿಶೋಧನೆ. ಡಾರ್ವಿನ್‌ನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಮುಂದಾಳುತನದ ಸಮಿತಿ, ಈ ಮುನ್ಸೂಚನೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ವರದಿ ಬರೆಯಿತು. 1866ರಲ್ಲಿ ಪತ್ರಿಕೆಯ ಮುನ್ಸೂಚನೆ ನಿಂತಿತು, ವರ್ಷದ ಕೊನೆಗೆ ಬಂದರುಗಳ ಶಂಕುಗಳೂ ಇಳಿದವು. ಆಗ ನೋಡಿ, ಕಡಲಿನವರು ಗಲಾಟೆ ಎಬ್ಬಿಸಿದರು. ನಮಗೆ ಸಿದ್ಧಾಂತ ಬೇಕಾಗಿಲ್ಲ, ಸಿಗ್ನಲ್ ಬೇಕು ಎಂದರು. ಮರುವರ್ಷವೇ ಬಿರುಗಾಳಿ ಎಚ್ಚರಿಕೆ ವಾಪಸು ಬಂತು. ಪತ್ರಿಕೆಯ ಮುನ್ಸೂಚನೆ ಮರಳಲು 1879 ಆಗಬೇಕಾಯಿತು.

ಅವನು ಸತ್ತ ವರ್ಷವೇ ನಮ್ಮ ಕಲ್ಕತ್ತಾ ಬಂದರಿಗೆ ಚಂಡಮಾರುತದ ಎಚ್ಚರಿಕೆ ವ್ಯವಸ್ಥೆ ಬಂದದ್ದು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಹೂಗ್ಲಿಗೆ ಕಡಲು ನುಗ್ಗಿ ಹತ್ತಾರು ಸಾವಿರ ಜನ ಸತ್ತಿದ್ದರು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅಂದರೆ ಮಾವ ಬೈಯುತ್ತಿದ್ದ ಕಂಬದ ಪದ್ಧತಿಗೆ ಆಗಲೇ ನೂರು ವರ್ಷ ದಾಟಿತ್ತು.

ಈಗ ಕಂಬವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಎಚ್ಚರಿಕೆ ಫೋನಿಗೇ ಬರುತ್ತದೆ, ಬಣ್ಣ ಹಚ್ಚಿಕೊಂಡು: ಹಳದಿ, ಕಿತ್ತಳೆ, ಕೆಂಪು. ಉಪಗ್ರಹದ ಚಿತ್ರದಲ್ಲಿ ಮೋಡ ತಿರುಗುವುದನ್ನು ಅಡಿಕೆ ಕೊಯ್ಯುವ ಹುಡುಗನೂ ತೋರಿಸುತ್ತಾನೆ. ನಮ್ಮ ಅಂಗಳಕ್ಕೆ ಪ್ಲಾಸ್ಟಿಕ್ ಗುಡಾರ ಬಂದಿರುವುದರಿಂದ ಒಂದು ಮಳೆಗೆ ಯಾರೂ ಓಡುವುದಿಲ್ಲ. ಜೋಕು ಮಾತ್ರ ಸತ್ತಿಲ್ಲ, ಮನೆ ಬದಲಿಸಿದೆ ಅಷ್ಟೆ. ಜುಲೈಯಲ್ಲಿ ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಬೆಳಗಾದರೆ ಚುರುಕು ಬಿಸಿಲು. ಮಕ್ಕಳು ಡೀಸಿಗೆ ಜೈ ಎನ್ನುತ್ತಾರೆ, ತಂದೆತಾಯಿಗಳು ಹವಾಮಾನ ಇಲಾಖೆಯನ್ನು ಬೈಯುತ್ತಾರೆ.

ತಿಳಿವಳಿಕೆ ಹೆಚ್ಚಿದರೆ ಸಾವು ತಪ್ಪುತ್ತದೆಯೇ? 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ನೂರಾರು ದೋಣಿಗಳು ಆಗಲೇ ಆಳಸಮುದ್ರದಲ್ಲಿದ್ದವು. ಎಚ್ಚರಿಕೆ ತಡವಾಯಿತು, ಬಂದದ್ದೂ ಅವರಿಗೆ ಮುಟ್ಟಲಿಲ್ಲ. ಅದು ಹಳೆಯ ಕಾಲದ ಸಾವು, ರಾಯಲ್ ಚಾರ್ಟರ್‌ನ ಜಾತಿಯದು. 2021ರ ಮೇ ತಿಂಗಳ ತೌಕ್ತೆಯದು ಹಾಗಲ್ಲ. ಚಂಡಮಾರುತ ಬರುತ್ತದೆಂದು ದಿನಗಟ್ಟಲೆ ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದರೂ ಮಂಗಳೂರು ಕಡಲಲ್ಲಿ ಒಂದು ಟಗ್ ಮಗುಚಿತು. ಇನ್ನೊಂದು ಬಂಡೆಗೆ ಸಿಕ್ಕಿಕೊಂಡು, ಅದರಲ್ಲಿದ್ದ ಒಂಬತ್ತು ಮಂದಿಯನ್ನು ಹೆಲಿಕಾಪ್ಟರು, ದೋಣಿ ಕಳಿಸಿ ಇಳಿಸಬೇಕಾಯಿತು. ಮುಂಬೈ ಆಚೆಯ ತೈಲಬಾವಿಗಳ ಬಳಿ ಪಿ-305 ಎಂಬ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಬಾರೋಮೀಟರ್ ಇಳಿಯುತ್ತಿದ್ದುದನ್ನು ಕಂಡೂ ಹಾಯಿ ಮಡಿಸಲು ತಡಮಾಡಿದ ಮಾಲ್ಡೊನಾಡೊದ ಕತೆ ಇದು. ಒಂದು ವ್ಯತ್ಯಾಸವಿದೆ. ಅಲ್ಲಿ ತಡಮಾಡಿದವನೂ ಅದೇ ಹಡಗಿನಲ್ಲಿದ್ದ, ಮುಂದೆ ಬದುಕಿಡೀ ಅದಕ್ಕೆ ಬೆಲೆ ತೆತ್ತ.

ಇತ್ತೀಚೆಗೆ ಮಲ್ಪೆಯಲ್ಲಿ ಪರಿಚಯದ ತಂಡೇಲರೊಬ್ಬರ ಹತ್ತಿರ ಈ ಫಿಟ್ಜ್‌ರಾಯ್ ವಿಷಯ ತೆಗೆದೆ. ಎಪ್ಪತ್ತರ ಹತ್ತಿರದ ಮನುಷ್ಯ. ಪೂರ್ತಿ ಕೇಳಿಸಿಕೊಂಡು, “ಪಾಪ” ಎಂದರು. ಆಮೇಲೆ ಅವರ ಮಾತು ನೇರ ಲೆಕ್ಕಕ್ಕೆ ಇಳಿಯಿತು.

“ಹೇಳುವವರಿಗೆ ಎಂತ ಹೋಗ್ತದೆ ಮಾರಾಯ್ರೆ? ಆಳಸಮುದ್ರದ ಬೋಟು ಅಂದ್ರೆ ಎಂಟು ಹತ್ತು ದಿನದ ಟ್ರಿಪ್ಪು. ಸಾವಿರಗಟ್ಟಲೆ ಲೀಟರ್ ಡೀಸೆಲ್, ಐಸು, ಅಕ್ಕಿ ಎಲ್ಲ ಹಾಕಿ ಆಗಿರ್ತದೆ. ಆಗ ಮೆಸೇಜು ಬರ್ತದೆ, ಇಳಿಬೇಡಿ ಅಂತ. ಸಾಲದ ಕಂತಿಗೆ ಆ ಮೆಸೇಜು ತೋರ್ಸಿದ್ರೆ ಬ್ಯಾಂಕಿನವ ಕೇಳ್ತಾನಾ?”

“ಹಾಗಾದ್ರೆ ಹೋಗ್ತೀರಾ?” ಎಂದೆ.

“ನಾನು ಹೋಗುದಿಲ್ಲ. ನನ್ನ ಕಾಲ ಆಯ್ತು. ಮಗನೂ ಮೊನ್ನೆ ಹೋಗ್ಲಿಲ್ಲ. ಕೇಳಿ, ಎರಡು ದಿನ ಬೋಟು ಕಟ್ಟಿ ಹಾಕಿದ್ದು, ಗಾಳಿ ಇಲ್ಲ, ಎಂತದೂ ಇಲ್ಲ, ಕಡಲು ಎಣ್ಣೆ ಹಾಗೆ ಮಲಗಿತ್ತು. ಹೋದ ಒಬ್ಬ ಬಂಗುಡೆ ತುಂಬಿಸಿಕೊಂಡು ಬಂದ.”

ಇಲಾಖೆಯನ್ನು ತುಳುವಿನಲ್ಲಿ ಎರಡು ಮಾತು ಬೈದರು. ನಾಳೆಯ ವರದಿ ಬಂತಾ ನೋಡು ಎಂದು ಮೊಮ್ಮಗನಿಗೆ ಫೋನು ಕೊಟ್ಟರು.